ಕೇಳಿದವರಿಗೆಲ್ಲ ಕೊಟ್ಟ ಹೆಪ್ಪು

ಮನೆಯಲ್ಲಿ ಹೆಪ್ಪು ತೀರಿಹೋದರೆ ಗೃಹಿಣಿಯು ನೆರೆಮನೆಗೆ ಬಟ್ಟಲು ಕಳುಹಿಸುತ್ತಾಳೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಯಾಕೋಬ್ಸನ್ ಎಂಬ ಬಿಯರ್ ತಯಾರಕನು 1845ರಲ್ಲಿ ಇಂಥದೇ ಒಂದು ಹೆಪ್ಪಿಗಾಗಿ ಬವೇರಿಯದ ಮ್ಯೂನಿಕ್ ನಗರಕ್ಕೆ ಹೋದನು. ಅಲ್ಲಿಯ ಸ್ಪಾಟೆನ್ ಬ್ರೂವರಿಯ ಒಡೆಯ ಸೆಡ್ಲ್‌ಮೇಯರನಿಂದ ಪಡೆದ ಯೀಸ್ಟನ್ನು ಟೊಪ್ಪಿಗೆಯ ಪೆಟ್ಟಿಗೆಯಲ್ಲಿಟ್ಟು, ಕುದುರೆಗಾಡಿ ನಿಂತಲ್ಲೆಲ್ಲ ಇಳಿದು, ಪಾತ್ರೆಗಳಿಗೆ ತಣ್ಣೀರು ಸುರಿಯುತ್ತ ಆತನು ಊರು ಸೇರಿದನೆಂದು ಹೇಳುತ್ತಾರೆ. ಬಿಸಿ ತಾಗಿ ಅದು ಕೆಟ್ಟಿದ್ದರೆ ಅಷ್ಟು ದೂರದ ಪ್ರಯಾಣವೆಲ್ಲ ವ್ಯರ್ಥವಾಗುತ್ತಿತ್ತು.

ಬಿಯರ್ ಬಟ್ಟಿ ಇಳಿಸಿದ ಮದ್ಯವಲ್ಲ, ಹುದುಗಿಸಿದ ಪಾನೀಯ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ರಾಗಿ ಮಾಲ್ಟ್ ಕುಡಿದು ಬೆಳೆದ ನಮ್ಮ ಮಕ್ಕಳಿಗೆ ಈ ಹೆಸರು ಹೊಸದಲ್ಲ. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸಿಟ್ಟರೆ ಅದರೊಳಗಿನ ಪಿಷ್ಟವು ಸಕ್ಕರೆಯಾಗುತ್ತದೆ. ಸೋಸಿದ ಸಿಹಿರಸಕ್ಕೆ ಹಾಪ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಕುದಿಸುತ್ತಾರೆ. ಬಿಯರಿನ ಕಹಿಯೂ ಪರಿಮಳವೂ ಬಹುಪಾಲು ಅದರಿಂದ ಬಂದವು. ರಸ ಆರಿದ ಮೇಲೆ ಯೀಸ್ಟ್ ಬೆರೆಸುತ್ತಾರೆ. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಹೊರಬಿಡುತ್ತದೆ.

ಸಾಮಾನ್ಯವಾಗಿ ಎಲ್ಲ ಬಿಯರಿನ ಹುಟ್ಟೂ ಹೀಗೆಯೇ. ಆದರೂ ಒಂದು ಕರಿದು, ಒಂದು ಹೊನ್ನಿನ ಬಣ್ಣದ್ದು, ಮತ್ತೊಂದು ಹುಳಿ. ಐರ್ಲೆಂಡಿನ ಸ್ಟೌಟ್ ಕಪ್ಪಾಗುವುದು ಕಾಫಿಬೀಜದಂತೆ ಹುರಿದ ಜವೆಗೋಧಿಯಿಂದ. ಬೊಹೆಮಿಯದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬಾತನು ತೆಗೆದ ತಿಳಿಯಾದ ಹೊಂಬಣ್ಣದ ಬಿಯರಿಗೆ, ಕಂದದಂತೆ ಒಣಗಿಸಿದ ಮಾಲ್ಟೂ ಆ ಊರಿನ ಮೆದುವಾದ ನೀರೂ ಕಾರಣ. ಆದರೆ ಧಾನ್ಯ ನೀರುಗಳಿಗಿಂತ ಆಳವಾದ ಭೇದವು ಹೆಪ್ಪಿನಲ್ಲಿದೆ. ಇಂಗ್ಲೆಂಡಿನ ಏಲ್ ಬಿಯರಿನ ಯೀಸ್ಟ್ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನೊರೆಯೊಡನೆ ಮೇಲೆದ್ದು, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಲಾಗರ್ ಯೀಸ್ಟ್ 10 ಡಿಗ್ರಿಯ ಸುಮಾರಿನ ಚಳಿಯಲ್ಲಿ ನಿಧಾನವಾಗಿ ದುಡಿದು ತಳ ಸೇರುತ್ತದೆ. ಆ ಬಳಿಕ ವಾರಗಟ್ಟಲೆ ಬಿಯರನ್ನು ಇನ್ನೂ ತಂಪಿನಲ್ಲಿ ಇಡಬೇಕು. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ದಾಸ್ತಾನು. ಬವೇರಿಯದ ಗೋಧಿ ಬಿಯರು ಬಾಳೆಹಣ್ಣು ಲವಂಗಗಳ ವಾಸನೆ ಬೀರುತ್ತದೆ. ಅವೆರಡನ್ನೂ ಯಾರೂ ಅದಕ್ಕೆ ಹಾಕಿರುವುದಿಲ್ಲ, ಎಲ್ಲವೂ ಯೀಸ್ಟಿನ ಕರಾಮತ್ತು. ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್ ತಯಾರಕರಂತೂ ಹೆಪ್ಪನ್ನೇ ಹಾಕುವುದಿಲ್ಲ. ಅಗಲವಾದ ತೊಟ್ಟಿಯಲ್ಲಿ ರಸವನ್ನು ರಾತ್ರಿಯೆಲ್ಲ ತೆರೆದಿಟ್ಟು, ಗಾಳಿಯ ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡುತ್ತಾರೆ. ಧೈರ್ಯವಂತರೇ ಸರಿ!

ಯಾಕೋಬ್ಸನ್ ಅಂಥ ಸಾಹಸಕ್ಕೆ ಇಳಿಯುವವನಲ್ಲ. ಆತನು 1847ರಲ್ಲಿ ನಗರದ ಹೊರಗಿನ ದಿಣ್ಣೆಯೊಂದರ ಮೇಲೆ ಬ್ರೂವರಿ ಕಟ್ಟಿ, ಮಗ ಕಾರ್ಲ್‌ನ ಹೆಸರಿನಿಂದ ಅದನ್ನು ಕಾರ್ಲ್ಸ್‌ಬರ್ಗ್ ಎಂದು ಕರೆದನು. 1875ರಲ್ಲಿ ಅದಕ್ಕೊಂದು ಪ್ರಯೋಗಶಾಲೆಯನ್ನೂ ಸೇರಿಸಿದನು. ಇಷ್ಟಾದರೂ 1883ರಲ್ಲಿ ಅಲ್ಲಿಯ ಬಿಯರಿಗೆ ರೋಗ ತಗುಲಿತು. ರುಚಿ ಕೆಟ್ಟಿತು, ಕಹಿ ವಾಸನೆ ಹತ್ತಿತು. ಹೆಪ್ಪು ಕೆಟ್ಟ ಮನೆಯಲ್ಲಿ ಮೊಸರು ದಿನದಿನವೂ ಕೆಡುವಂತೆ, ಒಂದು ಪೀಪಾಯಿಯ ಯೀಸ್ಟನ್ನು ಮುಂದಿನದಕ್ಕೆ ಬಳಸುವ ಕಡೆ ರೋಗವೂ ಜೊತೆಯಲ್ಲೇ ಸಾಗುತ್ತದೆ.

ಬಿಯರು ಕೆಡಲು ಬ್ಯಾಕ್ಟೀರಿಯಗಳು ಕಾರಣವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1876ರಲ್ಲಿಯೇ ಗ್ರಂಥ ಬರೆದಿದ್ದನು. ಪ್ರಯೋಗಶಾಲೆಯಲ್ಲಿದ್ದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಇನ್ನೊಂದು ದಾರಿ ಹಿಡಿದನು. ಈತ ಬಡಮನೆಯ ಹುಡುಗ. ಎಳವೆಯಲ್ಲಿ ಮನೆಗಳಿಗೆ ಬಣ್ಣ ಬಳಿದು, ಮುಂದೆ ಓದಿ ವಿಜ್ಞಾನಿಯಾದವನು. ಒಳ್ಳೆಯ ಯೀಸ್ಟಿನ ನಡುವೆ ಕಾಡು ಯೀಸ್ಟ್ ಸೇರಿಕೊಂಡಿದೆ, ಕೇಡಿನ ಮೂಲ ಅದೇ ಎಂಬುದು ಈತನ ಊಹೆ. ಬೆರಕೆಯನ್ನು ಆರಿಸುವುದೆಂತು? ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವಲ್ಲ ಇದು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಹ್ಯಾನ್ಸನ್ ಕೆಟ್ಟದ್ದನ್ನು ತೆಗೆಯುವ ಗೋಜಿಗೇ ಹೋಗಲಿಲ್ಲ. ಮಾಲ್ಟ್ ರಸ ಬೆರೆಸಿದ ಜೆಲಟಿನ್‌ನಲ್ಲಿ ಯೀಸ್ಟನ್ನು ವಿರಳವಾಗಿ ಹರಡಿ, ಸೂಕ್ಷ್ಮದರ್ಶಕದಡಿ ಒಂಟಿಯಾಗಿದ್ದ ಜೀವಕೋಶವನ್ನು ಗುರುತಿಸಿ, ಆ ಒಂದೇ ಕೋಶದ ಸಂತತಿಯನ್ನು ಬೇರೆಯಾಗಿ ಬೆಳೆಸಿದನು. ಹೀಗೆ ಬೇರ್ಪಡಿಸಿದ ಬಗೆಗಳಲ್ಲಿ ಒಂದು ಮಾತ್ರ ಮೆಚ್ಚುವಂಥ ಬಿಯರನ್ನು ಕೊಟ್ಟಿತು.

ಯಾಕೋಬ್ಸನ್ ಮೊದಲು ನಂಬಲಿಲ್ಲ. ಮ್ಯೂನಿಕ್‌ನಿಂದ ತಾನೇ ಹೊತ್ತು ತಂದ ಯೀಸ್ಟಿನ ಮೇಲೆ ಆತನಿಗೆ ಅಭಿಮಾನವಿದ್ದುದು ಸಹಜ. ಕಡೆಗೆ 1883ರ ನವೆಂಬರ್ 12ರಂದು ಶುದ್ಧ ಯೀಸ್ಟಿನಿಂದ ಬಿಯರ್ ತಯಾರಿಸಲು ಒಪ್ಪಿದನು. ರೋಗ ಬಿಟ್ಟಿತು.

ಇಂಥ ಗುಟ್ಟು ಕೈಸೇರಿದ ವ್ಯಾಪಾರಿ ಏನು ಮಾಡಬಹುದೆಂದು ಯಾರಾದರೂ ಊಹಿಸಬಲ್ಲರು. ಆದರೆ ಪ್ರಯೋಗಶಾಲೆ ಕಂಡುಕೊಂಡ ಮಹತ್ತ್ವದ ಯಾವುದನ್ನೂ ಮುಚ್ಚಿಡಕೂಡದೆಂದು ಯಾಕೋಬ್ಸನ್ ಅದರ ನಿಬಂಧನೆಯಲ್ಲಿಯೇ ಬರೆಸಿದ್ದನು. ಅದರಂತೆ ವಿಧಾನವು ಪ್ರಕಟವಾಯಿತು. ಯೀಸ್ಟನ್ನು ಇತರ ಬ್ರೂವರಿಗಳಿಗೂ, ಪ್ರತಿಸ್ಪರ್ಧಿಗಳೆನ್ನದೆ, ಹಂಚಲಾಯಿತು. ಮ್ಯೂನಿಕ್‌ನಲ್ಲಿ ಪಡೆದ ಬಟ್ಟಲು ಹೆಪ್ಪಿನ ಋಣ ಹೀಗೆ ಬಡ್ಡಿಸಹಿತ ತೀರಿತೆನ್ನಬೇಕು.

ಲಾಗರ್ ಯೀಸ್ಟ್ ಎರಡು ಜಾತಿಗಳ ಬೆರಕೆಯೆಂದು ಈಗ ತಿಳಿದಿದೆ. ಅದರ ಒಂದು ಪಾಲು ಏಲ್ ಯೀಸ್ಟಿನದು. ಚಳಿ ತಡೆಯುವ ಇನ್ನೊಂದು ಪಾಲಿನ ಕಾಡುನಂಟನು ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಮರಗಳಲ್ಲಿ ಸಿಕ್ಕಿದ ಸುದ್ದಿ ಪ್ರಕಟವಾದದ್ದು 2011ರಲ್ಲಿ. ಇದಾದ ಎರಡು ವರ್ಷಕ್ಕೆ, 2013ರಲ್ಲಿ, ಕಾರ್ಲ್ಸ್‌ಬರ್ಗಿನ ಹಳೆಯ ನೆಲಮಾಳಿಗೆಯಲ್ಲಿ ಹ್ಯಾನ್ಸನ್‌ನ ಕಾಲದ ಬಿಯರಿನ ಬಾಟಲಿಯೊಂದು ದೊರೆಯಿತು. ಅದರಲ್ಲಿ ಯೀಸ್ಟ್ ಇನ್ನೂ ಜೀವಂತವಾಗಿತ್ತು. ಪ್ರಯೋಗಶಾಲೆಯವರು ಅದನ್ನು ಬೆಳೆಸಿ, ಅಂದಿನ ರೀತಿಯಲ್ಲಿಯೇ ಬಿಯರ್ ಮಾಡಿ, 2016ರಲ್ಲಿ ಅತಿಥಿಗಳಿಗೆ ಬಡಿಸಿದರು.