ಕೋವಿ ಕೇಸಿನಲ್ಲಿ ಸಜೆಯಾದರೆ ಅಪೀಲಿಗೆ ಮೂವತ್ತೇ ದಿನ



ತೊಣ್ಣೂರು ಕೆರೆಯ ಸುತ್ತ, ಮೇಲುಕೋಟೆ ಬೆಟ್ಟದ ತಪ್ಪಲಲ್ಲಿ ಬೇಸಾಯ ಮಾಡುವ ನಿಮಗೆ ಕಾಡುಹಂದಿಯ ಉಪದ್ರವ ಎಂಥದೆಂದು ಹೇಳಬೇಕಾಗಿಲ್ಲ. ಕೈಗೆ ಬಂದ ರಾಗಿ, ಕಬ್ಬು ಒಂದೇ ರಾತ್ರಿಯಲ್ಲಿ ನೆಲ ಕಚ್ಚುತ್ತದೆ. ಕಾವಲಿಗೆಂದು ನಾಡಕೋವಿ ಇಟ್ಟುಕೊಂಡವರೂ, ತೀರಿಹೋದ ತಂದೆಯ ಕೋವಿಯನ್ನು ಅಟ್ಟದ ಮೇಲೆ ಮರೆತವರೂ ಹಳ್ಳಿಗಳಲ್ಲಿ ಉಂಟು. ಆದರೆ ಲೈಸೆನ್ಸಿಲ್ಲದ ಕೋವಿ ಸಿಕ್ಕಿಬಿದ್ದರೆ ಬೆಳೆ ಹೋದದ್ದಕ್ಕಿಂತ ದೊಡ್ಡ ನಷ್ಟ ಮನೆಗೆ ಬರುತ್ತದೆ. ಕೋರ್ಟಿನಲ್ಲಿ ಸಜೆಯಾಯಿತೆಂದು ಕೈಚೆಲ್ಲಿ ಕುಳಿತರೆ ಆ ನಷ್ಟ ಇನ್ನೂ ಹೆಚ್ಚು.

ಶಿಕ್ಷೆ ಎಷ್ಟು?

ಲೈಸೆನ್ಸಿಲ್ಲದೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ. ಮೊದಲು ಇದಕ್ಕೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಸಜೆ ಇತ್ತು. 2019ರ ಡಿಸೆಂಬರ್ 14ರಿಂದ ಕನಿಷ್ಠ ಎರಡು, ಗರಿಷ್ಠ ಐದು ವರ್ಷ, ಜೊತೆಗೆ ದಂಡ. ತಕ್ಕ ವಿಶೇಷ ಕಾರಣಗಳಿದ್ದರೆ ಅವನ್ನು ತೀರ್ಪಿನಲ್ಲಿ ಬರೆದು ನ್ಯಾಯಾಧೀಶರು ಕನಿಷ್ಠಕ್ಕಿಂತ ಕಡಿಮೆ ಸಜೆ ಕೊಡಬಹುದು. ಘಟನೆ ಆ ತಾರೀಖಿಗಿಂತ ಹಿಂದಿನದಾದರೆ ಹಳೆಯ ಶಿಕ್ಷೆಯೇ ಅನ್ವಯ. ಈ ಲೆಕ್ಕ ತಪ್ಪಿದ್ದರೆ ಅದೇ ಅಪೀಲಿಗೆ ಒಂದು ಆಧಾರ.

ತಪ್ಪೊಪ್ಪುವ ಮುನ್ನ ಯೋಚಿಸಿ

'ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗಬಹುದು' ಎನ್ನುವವರು ಕೋರ್ಟಿನ ಅಂಗಳದಲ್ಲಿ ಬೇಕಾದಷ್ಟು ಮಂದಿ. ಅವರ ಮಾತು ನಂಬಬೇಡಿ. ಇದು ದಂಡದಲ್ಲಿ ಮುಗಿಯುವ ಕೇಸಲ್ಲ. ತಪ್ಪೊಪ್ಪಿಕೊಂಡವನಿಗೆ 'ನಾನು ನಿರಪರಾಧಿ' ಎಂದು ಅಪೀಲು ಮಾಡುವ ದಾರಿ ಮುಚ್ಚುತ್ತದೆ. ಸಜೆ ಹೆಚ್ಚಾಯಿತು ಅಥವಾ ಕಾನೂನಿಗೆ ಸರಿಹೊಂದಿಲ್ಲ ಎಂದಷ್ಟೇ ಕೇಳಬಹುದು.

ತೀರ್ಪಿನ ದಿನವೇ ಮಾಡಬೇಕಾದ್ದು

ಒಂದು: ತೀರ್ಪಿನ ನಕಲು ಕೇಳಿ ಪಡೆಯಿರಿ. ಸಜೆಯಾದವನಿಗೆ ಅದು ಪುಕ್ಕಟೆ.

ಎರಡು: ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷ ಮೀರದ ಸಜೆಯಾಗಿ, ಅಪೀಲು ಮಾಡುವೆನೆಂದು ತಿಳಿಸಿದರೆ, ಅಪೀಲು ಹಾಕಲು ಬೇಕಾದಷ್ಟು ಕಾಲ ಅದೇ ಕೋರ್ಟು ಜಾಮೀನು ಕೊಡಬೇಕು, ನಿರಾಕರಿಸಲು ವಿಶೇಷ ಕಾರಣ ಬೇಕು. ಆ ಅರ್ಜಿಯನ್ನು ಅಂದೇ ಹಾಕಿಸಿ.

ಮೂರು: ದಿನ ಎಣಿಸಿ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ಸೆಷನ್ಸ್ ಕೋರ್ಟೇ ವಿಚಾರಣೆ ನಡೆಸಿ ಶಿಕ್ಷಿಸಿದ್ದರೆ ಹೈಕೋರ್ಟಿಗೆ 60 ದಿನ. ನಕಲು ತಯಾರಾಗಲು ಹಿಡಿದ ದಿನಗಳು ಇದರಲ್ಲಿ ಸೇರವು. ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಲು ಕೇಳಬಹುದು. ಆದರೆ ಸುಗ್ಗಿ ಮುಗಿಯಲಿ ಎಂದು ಕಾದದ್ದು ಕಾರಣವಾಗುವುದು ಕಷ್ಟ.

ಅಪೀಲಿನ ಜೊತೆಯಲ್ಲೇ ಸಜೆಯನ್ನು ತಡೆಹಿಡಿದು ಜಾಮೀನು ಕೊಡಿರೆಂಬ ಅರ್ಜಿಯೂ ಇರಲಿ. ಅಪೀಲು ಹಾಕಿದ ಮಾತ್ರಕ್ಕೆ ಸಜೆ ತಾನಾಗಿ ನಿಲ್ಲುವುದಿಲ್ಲ. ಜೈಲಿಗೆ ಹೋದವರು ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು.

ವಕೀಲರೊಡನೆ ಕೂತು ನೋಡಬೇಕಾದ ಅಂಶಗಳು

ಕೋವಿ ಇದ್ದದ್ದು ನಿಮಗೆ ಗೊತ್ತಿತ್ತೇ, ಅದು ನಿಮ್ಮ ಹತೋಟಿಯಲ್ಲಿತ್ತೇ? ತಿಳಿದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧವೆಂದು ಸುಪ್ರೀಂ ಕೋರ್ಟು ಗುನ್ವಂತ್‌ಲಾಲ್ ಮೊಕದ್ದಮೆಯಲ್ಲಿ 1972ರಲ್ಲೇ ಹೇಳಿದೆ. ನಾಲ್ಕು ಜನ ಓಡಾಡುವ ಪಂಪ್‌ಮನೆಯಲ್ಲಿ ಸಿಕ್ಕಿದ ಕೋವಿಗೂ, ಬೀಗ ಹಾಕಿದ ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೂ ವ್ಯತ್ಯಾಸವಿದೆ. ಹಾಗೆಂದು ಕೋವಿ ಕೈಯಲ್ಲೇ ಇರಬೇಕೆಂದಿಲ್ಲ; ಬೇರೆಡೆ ಇಟ್ಟು ಹತೋಟಿ ಉಳಿಸಿಕೊಂಡರೂ ಅಪರಾಧವೇ ಎಂದೂ ಅದೇ ತೀರ್ಪು ಹೇಳುತ್ತದೆ.

ಕೇಸು ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿದ್ದರೇ? ಕಾಯಿದೆಯ 39ನೆಯ ಕಲಮು ಇದನ್ನು ಕೇಳುತ್ತದೆ. ವಶಪಡಿಸಿಕೊಂಡ ಕೋವಿಗೆ ಮೊಹರು ಹಾಕಿದ್ದರೇ? ಮಹಜರಿನ ಪಂಚರು ಏನು ನುಡಿದರು? ಅದು ಹಾರುವ ಕೋವಿಯೇ ಎಂದು ತಜ್ಞರು ಪರೀಕ್ಷಿಸಿ ವರದಿ ಕೊಟ್ಟಿದ್ದಾರೆಯೇ? ಇವನ್ನೆಲ್ಲ ಕಾಗದದಲ್ಲಿ ಒಂದೊಂದಾಗಿ ನೋಡಿಸಿ.

ಅಪೀಲಿನಿಂದ ಏನು ಸಿಕ್ಕೀತು?

ಬಿಡುಗಡೆಯಾಗಬಹುದು, ಮರುವಿಚಾರಣೆಗೆ ಆಜ್ಞೆಯಾಗಬಹುದು, ಸಜೆ ಇಳಿಯಬಹುದು. ಅಪರಾಧಿ ತಾನು ಹಾಕಿದ ಅಪೀಲಿನಲ್ಲಿ ಸಜೆ ಏರಿಸುವಂತಿಲ್ಲ. ಆದ್ದರಿಂದ ಆ ಹೆದರಿಕೆಗೆ ಸುಮ್ಮನಿರಬೇಡಿ. ನೀವೆಲ್ಲ ಕೇಳಿರುವ ಚಿತ್ರನಟ ಸಂಜಯ್ ದತ್ತರ ಕೇಸನ್ನೇ ನೋಡಿ. ಅಕ್ರಮ ಶಸ್ತ್ರಕ್ಕಾಗಿ 2007ರಲ್ಲಿ ಮುಂಬಯಿಯ ಟಾಡಾ ನ್ಯಾಯಾಲಯ ಆರು ವರ್ಷ ವಿಧಿಸಿತ್ತು. 2013ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಐದಕ್ಕೆ ಇಳಿಸಿತು. ಅವರ ಮೇಲಿದ್ದ ಕಲಮಿಗೆ ಆಗ ಐದೇ ಕನಿಷ್ಠವಾಗಿತ್ತು. ಹೆಸರು, ಹಣ ಎಲ್ಲ ಇದ್ದವರಿಗೂ ಅಪೀಲಿನಲ್ಲಿ ಸಿಕ್ಕಿದ್ದು ಒಂದು ವರ್ಷ. ಆಸೆ ಇರಲಿ, ಅಳತೆಯೂ ಇರಲಿ.

'ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ, ನಮಗೇಕೆ?' ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಅದನ್ನು 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿದಿದೆ. ಮಂಡ್ಯದ ರೈತನಿಗೆ ಆ ವಾದ ಆಸರೆಯಾಗದು.

ದುಡ್ಡಿಲ್ಲದಿದ್ದರೆ

ಹೊಲ ಅಡವಿಡುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು, ಇವರಿಗೆಲ್ಲ ವಕೀಲರ ನೆರವು ಪುಕ್ಕಟೆ. ಫೋನು ಮಾಡುವುದಾದರೆ 15100.

ಕೇಸೇ ಬಾರದಂತೆ

ತಂದೆಯ ಕೋವಿ ಮನೆಯಲ್ಲಿದ್ದರೆ, ಅಥವಾ ಲೈಸೆನ್ಸಿನ ಅವಧಿ ಮುಗಿದಿದ್ದರೆ, ತಡಮಾಡದೆ ಠಾಣೆಗಾಗಲಿ ಲೈಸೆನ್ಸ್ ಪಡೆದ ಮಾರಾಟಗಾರರಿಗಾಗಲಿ ಒಪ್ಪಿಸಿ ರಸೀದಿ ಪಡೆಯಿರಿ. ಆಮೇಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶ ಕಾಯಿದೆಯಲ್ಲೇ ಇದೆ. ಲೈಸೆನ್ಸ್ ಇದ್ದರೂ ಹಂದಿಗೆ ಗುಂಡು ಹಾರಿಸಲು ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇರೆಯೇ ಬೇಕು. ಈ ಎರಡು ಕಾಗದ ಪೆಟ್ಟಿಗೆಯಲ್ಲಿದ್ದರೆ ಮೂವತ್ತು ದಿನ ಎಣಿಸುವ ಕಷ್ಟ ನಿಮಗೆ ಬಾರದು.