ಕೂರಿಸಿದ ಕೀಲು ಜಾರಿದಾಗ



ಆದಿಕಾಂಡದ 32ನೇ ಅಧ್ಯಾಯದಲ್ಲಿ ಯಕೋಬನು ಯಬ್ಬೋಕ್ ಹೊಳೆಯ ಬಳಿ ಇರುಳೆಲ್ಲ ಹೋರಾಡಿದ ವೃತ್ತಾಂತ ನಮಗೆಲ್ಲ ಗೊತ್ತು. ಆ ಹೋರಾಟದಲ್ಲಿ ಅವನ ತೊಡೆಯ ಕೀಲು ತಪ್ಪಿತು. ಸೂರ್ಯ ಹುಟ್ಟುವ ಹೊತ್ತಿಗೆ ಅವನು ಕುಂಟುತ್ತಾ ಮುಂದೆ ಸಾಗಿದ. ಅವನು ಪಡೆದ ಆಶೀರ್ವಾದದ ಬಗ್ಗೆ ಪ್ರಬೋಧನೆಗಳಲ್ಲಿ ಬಹಳ ಕೇಳಿದ್ದೇವೆ. ಆ ಕಾಲಿನ ಬಗ್ಗೆ ಕೇಳಿದ್ದು ಕಡಿಮೆ. ಈ ಲೇಖನ ಅಂಥ ಕಾಲಿನ ಕುರಿತದ್ದು.

ಸಂಧಿವಾತದಿಂದ ಸವೆದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ ಈಗ ನಮ್ಮ ಭಾಗದ ಜನರಿಗೂ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ 1962ರಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಬಟ್ಟಲಿನಂಥ ಗುಳಿಯೊಳಗೆ ಒಂದು ಗುಂಡು ತಿರುಗುತ್ತದೆ, ಅಷ್ಟೇ. ಆದರೆ ದೇವರು ಕೊಟ್ಟ ಗುಂಡು ಸುಮಾರು 45ರಿಂದ 50 ಮಿಲಿಮೀಟರ್ ಅಗಲವಿದ್ದರೆ, ಕೂರಿಸುವ ಗುಂಡು ಸಾಮಾನ್ಯವಾಗಿ 28ರಿಂದ 36 ಮಿಲಿಮೀಟರ್. ಅದನ್ನು ಸುತ್ತ ಹಿಡಿದಿಡುವ ಪೊರೆ, ಸ್ನಾಯುಗಳಿಗೆ ಶಸ್ತ್ರಚಿಕಿತ್ಸೆಯಲ್ಲಿ ಪೆಟ್ಟಾಗಿರುತ್ತದೆ. ಅವು ಗಟ್ಟಿಯಾಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಆದ್ದರಿಂದಲೇ ಕೀಲು ಜಾರುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ನೂರು ಜನರಲ್ಲಿ ಇಬ್ಬರು ಮೂವರಿಗೆ ಹೀಗಾಗುವುದುಂಟು. ರುಮಟಾಯ್ಡ್ ಸಂಧಿವಾತವಿದ್ದವರ ಕಟ್ಟುನರಗಳು ಮೊದಲೇ ಸಡಿಲವಾಗಿರುವುದರಿಂದ ಅವರಿಗೆ ಅಪಾಯ ಇನ್ನೂ ಹೆಚ್ಚು.

ಬೆನ್ನು ಬಿಗಿದುಕೊಂಡವರಿಗೂ ಅಪಾಯ ಹೆಚ್ಚು. ಕೂರುವಾಗ ನಡ ಸ್ವಲ್ಪ ಹಿಂದಕ್ಕೆ ವಾಲಿದರೆ ಸೊಂಟದ ಕೀಲಿನ ಮೇಲೆ ಭಾರ ಕಡಿಮೆ. ಬೆನ್ನು ಬಾಗದಿದ್ದರೆ ಬಾಗುವ ಕೆಲಸವನ್ನೆಲ್ಲ ಆ ಕೀಲೇ ಮಾಡಬೇಕು. ಹುನಗುಂದ, ಇಳಕಲ್ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಬೆನ್ನೆಲುಬು ಮರಗಟ್ಟಬಹುದು. ನೋಡುವವರಿಗೆ ಅದು ಬರೀ ವಾಯುವಿನಂತೆ ಕಾಣುತ್ತದೆ. ಬೆನ್ನು ಬಿಗಿಯಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಕೀಲು ಜಾರಿದ್ದು ತಿಳಿಯುವುದು ಹೇಗೆ? ಬಗ್ಗಿದಾಗಲೋ, ತಗ್ಗಾದ ಹೊರಸಿನಿಂದ ಏಳುವಾಗಲೋ 'ಟಕ್' ಎಂದ ಅನುಭವ, ತಡೆಯಲಾರದ ನೋವು. ಕಾಲೂರಲು ಆಗದು. ಕಾಲು ಗಿಡ್ಡವಾದಂತೆ ಕಂಡು, ಪಾದ ಸಾಮಾನ್ಯವಾಗಿ ಒಳಕ್ಕೆ ತಿರುಗಿರುತ್ತದೆ. ಕೆಲವರಲ್ಲಿ ಹೊರಕ್ಕೆ. ಆಗ ಮನೆಯವರು ಕಾಲು ಎಳೆಯಬಾರದು, ತಿಕ್ಕಬಾರದು. ಎಲುಬು ಕೂಡಿಸುವ ನಾಟಿ ವೈದ್ಯರ ಕೈಗುಣದ ಮೇಲೆ ನಮ್ಮ ಹಳ್ಳಿಗಳಲ್ಲಿ ದೊಡ್ಡ ನಂಬಿಕೆ ಇದೆ. ಆದರೆ ಒಳಗಿರುವುದು ಎಲುಬಿಗೆ ಕೂರಿಸಿದ ಲೋಹದ ದಂಡ. ತಪ್ಪಾಗಿ ಎಳೆದರೆ ತೊಡೆಯ ಎಲುಬೇ ಸೀಳಬಹುದು, ನರ ಹೋಗಬಹುದು. ರೋಗಿಯನ್ನು ಅಂಗಾತ ಮಲಗಿಸಿ, ಎರಡೂ ಕಾಲುಗಳ ನಡುವೆ ದಿಂಬಿಟ್ಟು, 108ಕ್ಕೆ ಕರೆ ಮಾಡಿ. ಆಟೋದಲ್ಲಿ ಕೂರಿಸಿಕೊಂಡು ಹೋಗಬೇಡಿ. ಅರಿವಳಿಕೆ ಕೊಡಬೇಕಾಗುವುದರಿಂದ ಚಹಾ, ನೀರು ಸಹ ಬೇಡ. ಪಾದ ಜೋಮು ಹಿಡಿದಿದ್ದರೆ, ಮೇಲೆತ್ತಲು ಆಗದಿದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ಇಳಕಲ್, ಹುನಗುಂದ, ಬಾದಾಮಿಯವರಿಗೆ ಎಲುಬು-ಕೀಲು ವಿಭಾಗವಿರುವ ದೊಡ್ಡ ಆಸ್ಪತ್ರೆ ಎಂದರೆ ಬಾಗಲಕೋಟೆಯೇ. ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಎಕ್ಸ್‌ರೇ ನೋಡಿ, ಮತ್ತು ಬರುವ ಔಷಧ ಕೊಟ್ಟು, ಕಾಲನ್ನು ಹದವಾಗಿ ಎಳೆದು ಗುಂಡನ್ನು ಬಟ್ಟಲಿಗೆ ಕೂರಿಸುತ್ತಾರೆ. ಹೆಚ್ಚಿನವರಿಗೆ ಕೊಯ್ಯುವ ಅಗತ್ಯ ಬೀಳುವುದಿಲ್ಲ. ಸಂಧಿವಾತದವರು ಆಗ ಎರಡು ಮಾತು ಮರೆಯದೆ ಹೇಳಬೇಕು. ಒಂದು, ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಅದು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಸಂಚಕಾರ. ಇನ್ನೊಂದು, ಕುತ್ತಿಗೆ ನೋವು. ರುಮಟಾಯ್ಡ್ ಸಂಧಿವಾತ ಕುತ್ತಿಗೆಯ ಎಲುಬುಗಳನ್ನೂ ಸಡಿಲಗೊಳಿಸುತ್ತದೆ. ಅರಿವಳಿಕೆ ಕೊಡುವವರು ತಲೆ ಹಿಂದಕ್ಕೆ ಬಾಗಿಸುವಾಗ ಅದು ಅವರಿಗೆ ಗೊತ್ತಿರಬೇಕು.

ಪದೇ ಪದೇ ಜಾರುವವರಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಟ್ಟಲಿನ ಓರೆ ಸರಿಪಡಿಸುತ್ತಾರೆ, ದೊಡ್ಡ ಗುಂಡು ಹಾಕುತ್ತಾರೆ. ಅಥವಾ ಗುಂಡಿನ ಮೇಲೊಂದು ಗುಂಡು ತಿರುಗುವ ಕೀಲು ಕೂರಿಸುತ್ತಾರೆ. ಇದನ್ನು 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬುಸ್ಕೆ ರೂಪಿಸಿದರು.

ನಿಜವಾದ ಕಷ್ಟ ಮನೆಗೆ ಬಂದ ಮೇಲೆ. ಕೀಲನ್ನು ಹಿಂದಿನಿಂದ ತೆರೆದು ಕೂರಿಸಿದ್ದರೆ ಮೂರು ಚಲನೆ ಸಲ್ಲದು: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಕ್ಕೆ ತಿರುಗಿಸುವುದು. ಮುಂದಿನಿಂದ ತೆರೆದಿದ್ದರೆ ನಿಯಮ ಬೇರೆ. ಯಾವ ಕಡೆಯಿಂದ ತೆರೆದರೆಂದು ಕೇಳಿ ಬರೆಸಿಕೊಳ್ಳಿ. ಇತ್ತೀಚೆಗೆ ಕೆಲವು ವೈದ್ಯರು ಈ ನಿಯಮಗಳನ್ನು ಸಡಿಲಿಸಿದ್ದಾರೆ ನಿಜ, ಆದರೆ ಒಮ್ಮೆ ಜಾರಿದ ಕೀಲಿನ ಮಾತು ಬೇರೆ.

ನಮ್ಮ ಬದುಕೆಲ್ಲ ನೆಲದ ಮೇಲಿನದು. ನೆಲಕ್ಕೆ ಕೂತು ಉಣ್ಣುವುದು, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಕುಕ್ಕುರುಗಾಲಲ್ಲಿ ಶೌಚ. ಇಳಕಲ್ಲಿನ ನೇಕಾರರು ಕುಣಿಮಗ್ಗದಲ್ಲಿ ನೆಲಮಟ್ಟಕ್ಕೆ ಕೂತು, ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಾ ನೇಯುತ್ತಾರೆ. ಅದರೊಳಗೆ ಇಳಿಯುವುದು, ಏಳುವುದು ಎರಡೂ ಈ ಕೀಲಿಗೆ ವೈರಿ. ಅಂಥವರು ಕುರ್ಚಿಯ ಮೇಲೆ ಕೂತು, ಮೇಜಿನ ಮೇಲೆ ರಾಟೆಯಿಟ್ಟು ಕಂಡಿಕೆ ಸುತ್ತಬಹುದು. ಆಗದ ಕೆಲಸವನ್ನು ಬಿಡೋಣ, ಆದರೆ ಮನುಷ್ಯನನ್ನು ಕೆಲಸದಿಂದಲೇ ಹೊರಗೆ ಹಾಕುವುದು ಬೇಡ. ಒಮ್ಮೆ ಕೀಲು ಜಾರಿದವರು ಹೆದರಿ ಹಾಸಿಗೆ ಹಿಡಿಯುತ್ತಾರೆ. ಹಾಗೆ ಮಲಗಿದರೆ ಕೀಲನ್ನು ಹಿಡಿದಿರುವ ಸ್ನಾಯುಗಳೇ ಸೊರಗುತ್ತವೆ.

ಹೊರಸಿನ ಬದಲು ಗಟ್ಟಿ ಮಂಚ, ಬೇಕಾದರೆ ಕಾಲಡಿಗೆ ಭದ್ರವಾದ ಮರದ ಗಟ್ಟಿ. ಕೂತಾಗ ಮೊಣಕಾಲು ಸೊಂಟಕ್ಕಿಂತ ಕೆಳಗಿರಬೇಕು. ನೆಲದ ಶೌಚಕ್ಕೆ ಮೇಲಿಡುವ ಕಮೋಡ್ ಕುರ್ಚಿ ಸಾಕು. ಬೆರಳು ಸೊಟ್ಟಗಾಗಿ ವಾಕರ್ ಹಿಡಿಯಲಾಗದವರು ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಲಿ, ಇಲ್ಲವೆ ಮುಂಗೈ ಊರುವಂಥ ವಾಕರ್ ಕೇಳಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಲಗ್ನದ ಪಂಕ್ತಿಯಲ್ಲಿ "ಒಂದಿನ ನೆಲಕ್ಕ ಕುಂತ್ರ ಏನಾಗ್ತದವಾ" ಎಂದು ಪ್ರೀತಿಯಿಂದಲೇ ಒತ್ತಾಯ ಮಾಡುವವರುಂಟು. ಅವರಿಗೆ ನಗುತ್ತಲೇ ಕುರ್ಚಿ ಕೇಳಿ.

ದೇವಾಲಯದಲ್ಲೂ ಹಾಗೆಯೇ. ಆರೋಗ್ಯ ಸರಿಯಿಲ್ಲದವರು ಬಲಿಪೂಜೆಯಲ್ಲಿ ಮೊಣಕಾಲೂರಲೇಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಅದರ ಬದಲು ಬಾಗಿ ವಂದಿಸುವ ಕ್ರಮವಿದೆ. ಆದರೆ ನಡ ಮಡಚಿ ಆಳಕ್ಕೆ ಬಾಗಿದರೆ ಈ ಕೀಲಿಗೆ ಅದೂ ಅಪಾಯ. ತಲೆಬಾಗಿದರೆ ಸಾಕು. ಸಂತ ಎರಡನೇ ಜಾನ್ ಪೌಲರು 1994ರ ಏಪ್ರಿಲಿನಲ್ಲಿ ಸ್ನಾನಗೃಹದಲ್ಲಿ ಬಿದ್ದು ಬಲತೊಡೆಯ ಎಲುಬು ಮುರಿದುಕೊಂಡರು. ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರಿಗೆ ಕೃತಕ ಕೀಲು ಕೂರಿಸಲಾಯಿತು. ಆಮೇಲೆ ಊರುಗೋಲು ಹಿಡಿದೇ ದೇಶದೇಶ ಸುತ್ತಿದರು, ಕೊನೆಯ ವರ್ಷಗಳಲ್ಲಿ ಕೂತೇ ಪೂಜೆ ಅರ್ಪಿಸಿದರು. ಅದನ್ನು ಕಂಡ ಯಾರೂ ಅವರ ಭಕ್ತಿ ಕುಂದಿತೆಂದು ಹೇಳಲಿಲ್ಲ.

ಖರ್ಚಿನ ಮಾತು ಒಂದಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಪಡಿತರ ಚೀಟಿ, ಆಧಾರ್ ಜೊತೆಗೆ ಮೊದಲ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರವನ್ನೂ ಒಂದೇ ಚೀಲದಲ್ಲಿಡಿ. ಯಾವ ಕಂಪನಿಯ ಕೀಲು, ಯಾವ ಅಳತೆ ಎಂಬುದು ಅದರಲ್ಲಿರುತ್ತದೆ. ಮತ್ತೆ ಕೊಯ್ಯಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.