ಎಳೆ ಮೂಳೆಗೆ ಪೆಟ್ಟಾದಾಗ

ಸೈಕಲ್ಲಿನಿಂದಲೋ ಪೇರಲೆ ಮರದಿಂದಲೋ ಬೀಳುವ ಮಗು ತಟ್ಟನೆ ಕೈ ಊರುತ್ತದೆ. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಮಣಿಕಟ್ಟು, ಮೊಣಕೈ ಅಥವಾ ಕೊರಳೆಲುಬಿಗೆ ಪೆಟ್ಟಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಮುರಿಯುವುದು ಮುಂಗೈಯ ಮೂಳೆಗಳೇ.

ಎಳೆ ಮೂಳೆಗೆ ಬಾಗುವ ಗುಣ ಹೆಚ್ಚು, ಅದರ ಮೇಲಿನ ಪೊರೆಯೂ ದಪ್ಪ. ಹಾಗಾಗಿ ಎಷ್ಟೋ ಸಲ ಅದು ಹಸಿ ಕಡ್ಡಿಯಂತೆ ಒಂದು ಬದಿ ಸೀಳಿ, ಇನ್ನೊಂದು ಬದಿ ಬಾಗಿ ನಿಲ್ಲುತ್ತದೆ. ಕೆಲವೊಮ್ಮೆ ಮಣಿಕಟ್ಟಿನ ಬಳಿ ಬರೀ ಒತ್ತಿಕೊಂಡು ಉಬ್ಬುತ್ತದೆ. ಇಂಥ ಉಬ್ಬು ಮುರಿತ ಸುಮಾರು ಮೂರು ವಾರ ಸ್ಪ್ಲಿಂಟ್ ಕಟ್ಟಿದರೆ ವಾಸಿಯಾಗುತ್ತದೆ. ಮೂಳೆ ಸ್ವಲ್ಪ ಓರೆಯಾಗಿ ಕೂಡಿಕೊಂಡರೂ ಬೆಳೆಯುತ್ತಾ ತಾನೇ ನೆಟ್ಟಗಾಗುವುದುಂಟು. ಆದರೆ ತಿರುಚಿಕೊಂಡು ಕೂಡಿದ್ದು ಮಾತ್ರ ಹಾಗೆ ಸರಿಹೋಗುವುದಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಮೂಳೆಯ ತುದಿಯಲ್ಲಿರುವ ಬೆಳವಣಿಗೆ ಫಲಕದ ಬಗ್ಗೆ. ಮೂಳೆ ಉದ್ದವಾಗುವುದು ಈ ಮೃದ್ವಸ್ಥಿಯ ಪದರದಿಂದ. ಕೀಲನ್ನು ಹಿಡಿದಿಟ್ಟ ಅಸ್ಥಿರಜ್ಜುಗಳಿಗಿಂತ ಇದು ದುರ್ಬಲ. ದೊಡ್ಡವರಿಗೆ ಉಳುಕು ತರುವ ಪೆಟ್ಟು ಮಗುವಿನಲ್ಲಿ ಈ ಫಲಕವನ್ನೇ ಒಡೆಯಬಹುದು. ಎಕ್ಸ್-ರೇಯಲ್ಲಿ ಅದು ಮೂಳೆಯಂತೆ ಬೆಳ್ಳಗೆ ಕಾಣದೆ ಕಪ್ಪು ಗೆರೆಯಾಗಿ ಉಳಿಯುವುದರಿಂದ, ಹೋಲಿಸಿ ನೋಡಲು ವೈದ್ಯರು ಕೆಲವೊಮ್ಮೆ ಇನ್ನೊಂದು ಕೈಯ ಚಿತ್ರವನ್ನೂ ತೆಗೆಸುತ್ತಾರೆ. ಫಲಕಕ್ಕಾದ ಗಾಯ ಗಮನಕ್ಕೆ ಬಾರದೆ ಹೋದರೆ ಕೈ ಗಿಡ್ಡವಾಗಬಹುದು, ಸೊಟ್ಟಗಾಗಬಹುದು.

ಐದರಿಂದ ಏಳು ವರ್ಷದ ಮಕ್ಕಳಲ್ಲಿ ಮೊಣಕೈಗೆ ಸ್ವಲ್ಪ ಮೇಲೆ ತೋಳಿನ ಮೂಳೆ ಮುರಿಯುವುದು ಸಾಮಾನ್ಯ. ಅದರ ಮುಂದೆಯೇ ಕೈಯ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಮೊದಲೇ ಊದಿದ ಜಾಗಕ್ಕೆ ಎಣ್ಣೆ ತಿಕ್ಕಿ, ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುವ ಈ ಊನವನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ಬಿಗಿ ಕಟ್ಟಿನ ಜೊತೆ ಸೇರಿಸಿ ವಿವರಿಸಿದ್ದ. ಅದು ಇಂದಿಗೂ ನಾಟಿ ಕಟ್ಟು ಹಾಕಿಸಿಕೊಂಡ ಮಕ್ಕಳಲ್ಲಿ ಕಾಣಸಿಗುತ್ತಿದೆ. ತಪ್ಪಿಸಬಹುದಾದ ಊನ ಎಂಬುದೇ ಇದರಲ್ಲಿ ಹೆಚ್ಚು ನೋವಿನ ಸಂಗತಿ.

ಮೂಳೆಗೆ ಗಟ್ಟಿತನ ಬರುವುದು ಬಾಲ್ಯ ಮತ್ತು ಹದಿಹರೆಯದಲ್ಲಿ, ಅದಕ್ಕೆ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇರುವುದಿಲ್ಲ. ಕರುಳು ಆ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಅದನ್ನು ಚರ್ಮ ತಯಾರಿಸಲು ಬಿಸಿಲು ಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡರಲ್ಲಿ ಯಾವುದರ ಕೊರತೆ ತೀವ್ರವಾದರೂ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಬರಬಹುದು. ಓಟ, ಜಿಗಿತದ ಆಟಗಳೂ ಮೂಳೆಯನ್ನು ಬಲಪಡಿಸುತ್ತವೆ.

ಬಿದ್ದ ಮಗು ಕೈ ಎತ್ತಲು ಒಪ್ಪದಿದ್ದರೆ ಎಳೆದು, ತಿಕ್ಕಿ ಪರೀಕ್ಷಿಸಬಾರದು. ಮಡಿಸಿದ ದಿನಪತ್ರಿಕೆಯನ್ನು ಆಸರೆಯಾಗಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ಲಾಸ್ಟರ್ ಹಾಕಿಸಿದ ಮೇಲೂ ಬೆರಳು ತಣ್ಣಗಾದರೆ, ಬಿಳಿಚಿದರೆ, ಜೋಮು ಹಿಡಿದರೆ ಅಥವಾ ಬೆರಳು ನೆಟ್ಟಗೆ ಮಾಡುವಾಗ ಮಗು ಚೀರಿದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ವೈದ್ಯರಿಗೆ ತೋರಿಸಬೇಕು.